ದಾವಣಗೆರೆಯ ಬಿಸಿಲಿನಲ್ಲಿ ಕಡಲ ಮೀನು: ಉಪ್ಪುನೀರಿನ ಅಕ್ವೇರಿಯಂ ಆರಂಭಿಸುವವರಿಗೆ

‘ಸಮುದ್ರದ ಮೀನನ್ನು ದಾವಣಗೆರೆಯಲ್ಲಿ ಸಾಕಬಹುದೇ?’ ‘ಬೆಂಗಳೂರಿನಿಂದ ತಂದ ಮೀನು ಮೂರೇ ದಿನಕ್ಕೆ ಸತ್ತಿತು, ಏಕೆ?’ ‘ಕಲ್ಲುಪ್ಪು ಕರಗಿಸಿದರೆ ಸಾಲದೇ?’ ಈ ಮೂರು ಪ್ರಶ್ನೆಗಳು ನನ್ನನ್ನು ಮದುವೆ ಮನೆಯಲ್ಲೂ ಬಿಡುವುದಿಲ್ಲ. ಚುಟುಕಾದ ಉತ್ತರ ಹೀಗಿದೆ: ಸಾಕಬಹುದು. ತೊಟ್ಟಿ ತಯಾರಾಗುವ ಮೊದಲೇ ನೀವು ಮೀನು ತಂದಿರುತ್ತೀರಿ. ಸಾಲದು. ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲ, ಆದ್ದರಿಂದ ಉದ್ದದ ಉತ್ತರವನ್ನು ಒಮ್ಮೆ ಬರೆದುಬಿಡುತ್ತಿದ್ದೇನೆ.

ಮೊದಲು ಈ ಮೀನುಗಳು ಇಷ್ಟು ನಾಜೂಕು ಏಕೆ ಎಂಬುದು ತಿಳಿದಿರಲಿ. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ರಾತ್ರಿ ಕಳೆಯುವುದರೊಳಗೆ ನೀರು ಬಿಟ್ಟುಕೊಂಡು ಸೊರಗುತ್ತದಲ್ಲವೇ? ಕಡಲ ಮೀನಿನ ಪಾಡೂ ಅದೇ. ಅದರ ಮೈಯೊಳಗಿನ ದ್ರವಕ್ಕಿಂತ ಹೊರಗಿನ ನೀರು ಹೆಚ್ಚು ಉಪ್ಪು. ಹಾಗಾಗಿ ಮೈಯಿಂದ ನೀರು ಸದಾ ಸೋರಿಹೋಗುತ್ತಿರುತ್ತದೆ. ಅದನ್ನು ತುಂಬಿಕೊಳ್ಳಲು ಮೀನು ಸಮುದ್ರದ ನೀರನ್ನೇ ಕುಡಿಯುತ್ತದೆ, ಕುಡಿದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಹುಟ್ಟಿದಂದಿನಿಂದ ನಿಲ್ಲದೆ ನಡೆಯುವ ದುಡಿಮೆ ಇದು. ಕೆರೆಯ ಮೀನು ಮಳೆಗಾಲದ ಕೆಂಪು ನೀರನ್ನೂ ಬೇಸಿಗೆಯ ಕೆಸರನ್ನೂ ಕಂಡಿರುತ್ತದೆ. ಹವಳದ ದಿಬ್ಬದಲ್ಲಿ ಬದುಕಿದ ಮೀನಿಗೆ ಒಂದೇ ದಿನದಲ್ಲಿ ಐದು ಡಿಗ್ರಿ ಏರಿಳಿಯುವ ನೀರು ಎಂದರೆ ಏನೆಂದೇ ಗೊತ್ತಿಲ್ಲ. ಆದ್ದರಿಂದ ಮುಂದೆ ಹೇಳುವ ಕೆಲಸಗಳೆಲ್ಲ ಸುತ್ತುವುದು ಒಂದೇ ವಿಷಯದ ಸುತ್ತ: ನೀರು ದಿನದಿಂದ ದಿನಕ್ಕೆ ಬದಲಾಗಬಾರದು.

ನಮ್ಮ ಊರಿಗೆ ತಕ್ಕ ಲೆಕ್ಕವನ್ನೂ ಈಗಲೇ ಹೇಳುತ್ತೇನೆ. ಯುಗಾದಿಗೆ ಹೊಸ ತೊಟ್ಟಿ ಇಡಬೇಡಿ. ಮಳೆ ಹಿಡಿದ ಮೇಲೆ, ಜೂನ್ ಅಥವಾ ಜುಲೈನಲ್ಲಿ ನೀರು ತುಂಬಿಸಿ. ಸೆಪ್ಟೆಂಬರ್ ಹೊತ್ತಿಗೆ ಮೊದಲ ಮೀನು ತನ್ನಿ. ಏಪ್ರಿಲ್ ಬಿಸಿಲು ಬರುವಷ್ಟರಲ್ಲಿ ತೊಟ್ಟಿಗೂ ನಿಮಗೂ ಆರೇಳು ತಿಂಗಳ ಪಳಗಿಕೆ ಆಗಿರುತ್ತದೆ.

ಹಂತ 1: ಜಾಗ ಮತ್ತು ತೊಟ್ಟಿ

ಹೊಸಬರು ಚಿಕ್ಕ ತೊಟ್ಟಿಯಿಂದ ಆರಂಭಿಸಬೇಕು ಎಂಬ ಮಾತು ಇಲ್ಲಿ ತಲೆಕೆಳಗು. ಇಪ್ಪತ್ತು ಲೀಟರ್ ನೀರು ಮಧ್ಯಾಹ್ನ ಎರಡು ಗಂಟೆಯೊಳಗೆ ಬಿಸಿಯೇರುತ್ತದೆ, ನೂರೈವತ್ತು ಲೀಟರ್ ಅಷ್ಟು ಬೇಗ ಏರುವುದಿಲ್ಲ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಕನಿಷ್ಠ ಎಂದಿಟ್ಟುಕೊಳ್ಳಿ. ಅಂಚಿನವರೆಗೆ ತುಂಬಿದರೆ 190 ಲೀಟರ್ ಹಿಡಿಯುತ್ತದೆ. ಕಲ್ಲು ಜೋಡಿಸಿ, ಮೇಲೆ ನಾಲ್ಕು ಬೆರಳು ಬಿಟ್ಟರೆ ನಿಜವಾಗಿ ಉಳಿಯುವ ನೀರು ಸುಮಾರು 160 ಲೀಟರ್. ಮುಂದಿನ ಲೆಕ್ಕಗಳೆಲ್ಲ ಈ 160 ಲೀಟರಿನ ಮೇಲೆಯೇ. ಗಾಜು 10 ಮಿಲಿಮೀಟರ್ ದಪ್ಪವಿರಲಿ. ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿ ಕಾಲು ಟನ್ ತೂಗುತ್ತದೆ. ಟಿವಿ ಇಡುವ ಪ್ಲೈವುಡ್ ಮೇಜು ಇದಕ್ಕೆ ಆಗುವುದಿಲ್ಲ. ಕಬ್ಬಿಣದ ಚೌಕಟ್ಟು ಮಾಡಿಸಿ ಬಣ್ಣ ಹೊಡೆಸಿ, ಇಲ್ಲವೇ ಇಟ್ಟಿಗೆ ಕಟ್ಟಿ ಮೇಲೆ ಕಡಪ ಕಲ್ಲು ಹಾಸಿ.

ಪಶ್ಚಿಮದ ಗೋಡೆಗೆ ತಾಗಿಸಬೇಡಿ, ಸಂಜೆಯವರೆಗೂ ಅದು ಕಾದಿರುತ್ತದೆ. ಕಿಟಕಿಯ ಬಿಸಿಲು ನೇರವಾಗಿ ಬೀಳಬಾರದು. ಮೇಲೆ ಆರ್‌ಸಿಸಿ ಚಾವಣಿ ಬಿಟ್ಟರೆ ಬೇರೇನೂ ಇಲ್ಲದ ಮಹಡಿ ಕೋಣೆಗಿಂತ ನೆಲಮಹಡಿ ಒಳ್ಳೆಯದು. ವಾಸ್ತು ಹೇಳುವ ಮೂಲೆಯಲ್ಲಿ ಇಷ್ಟೂ ಅನುಕೂಲ ಸಿಕ್ಕಿದರೆ ನನ್ನ ತಕರಾರಿಲ್ಲ.

ಇನ್ನು ಉಪಕರಣಗಳು. ಹೀಟರ್ 150 ಅಥವಾ 200 ವ್ಯಾಟ್‌ನದು ಒಂದು. ಬಿಸಿಲೂರಿಗೆ ಹೀಟರ್ ಏಕೆಂದು ನಗಬೇಡಿ, ಡಿಸೆಂಬರ್ ರಾತ್ರಿಯ ಚಳಿಗೆ ಬೇಕು. ನೀರನ್ನು ಅಲೆಯಂತೆ ತಳ್ಳುವ ಪವರ್‌ಹೆಡ್ ಎರಡು. ಥರ್ಮಾಮೀಟರ್ ಎರಡು, ಒಂದು ಸುಳ್ಳು ಹೇಳಿದರೆ ಇನ್ನೊಂದರಿಂದ ಗೊತ್ತಾಗಲಿ. ಮತ್ತೆ ಪ್ರೋಟೀನ್ ಸ್ಕಿಮ್ಮರ್. ಈ ಹೆಸರು ಕೇಳಿ ಹೆದರುವವರಿದ್ದಾರೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ನೊರೆಯ ಜೊತೆಗೆ ಮೇಲೆದ್ದ ಕೊಳೆಯನ್ನು ಜಾಲರಿ ಸೌಟಿನಿಂದ ತೆಗೆಯುತ್ತಾರಲ್ಲ, ಇದೂ ಅದೇ ಕೆಲಸ ಮಾಡುತ್ತದೆ. ಸಣ್ಣ ಗಾಳಿಗುಳ್ಳೆಗಳಿಗೆ ಮೀನಿನ ಹೊಲಸು, ಕರಗಿದ ಆಹಾರದ ಜಿಡ್ಡು ಅಂಟಿಕೊಂಡು ಮೇಲೆ ಬರುತ್ತದೆ, ಬಟ್ಟಲಿನಲ್ಲಿ ಕಂದು ಕಷಾಯವಾಗಿ ಸೇರುತ್ತದೆ. ಗುಳ್ಳೆಗಳಿಂದ ನೀರಿಗೆ ಆಮ್ಲಜನಕವೂ ಸೇರುತ್ತದೆ. ಬೆಲೆ ಹೆಚ್ಚಾಯಿತೆಂದು ಇದನ್ನು ಬಿಡುವುದಕ್ಕಿಂತ ಬಣ್ಣಬಣ್ಣದ ದೀಪವನ್ನು ಬಿಡಿ. ಹವಳವಿಲ್ಲದ ತೊಟ್ಟಿಗೆ ಸಾದಾ ಬಿಳಿ ಎಲ್‌ಇಡಿ ದೀಪ ಸಾಕು.

ಎಚ್ಚರಿಕೆ: ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ತೊಟ್ಟಿಗೆ ಕೊಡುವ ಸಂಪರ್ಕಕ್ಕೆ ಆರ್‌ಸಿಸಿಬಿ, ಅಂದರೆ ಸೋರಿಕೆಯಾದ ಕ್ಷಣ ವಿದ್ಯುತ್ ಕಡಿಯುವ ಸ್ವಿಚ್ಚು, ಇರಲೇಬೇಕು. ವೈರು ಪ್ಲಗ್ಗಿಗಿಂತ ಕೆಳಕ್ಕೆ ಒಮ್ಮೆ ಜೋತುಬಿದ್ದು ಮೇಲೇರಲಿ, ಆಗ ಇಳಿದುಬಂದ ಹನಿ ಸಾಕೆಟ್ಟಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ನೀರಿಗೆ ಕೈ ಹಾಕುವ ಮೊದಲು ಎಲ್ಲ ಸ್ವಿಚ್ಚುಗಳನ್ನೂ ಆರಿಸಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಓದಿ ಬಿಟ್ಟುಬಿಡಬೇಡಿ, ಎಲೆಕ್ಟ್ರಿಷಿಯನ್‌ರನ್ನು ಕರೆಸಿ ಮಾಡಿಸಿ.

ಹಂತ 2: ನೀರು ಎಲ್ಲಿಂದ

ನಗರದ ನಲ್ಲಿಗೆ ಬರುವುದು ತುಂಗಭದ್ರೆಯ ಮತ್ತು ಭದ್ರಾ ನಾಲೆಯ ನೀರು. ಕುಡಿಯಲು ಯೋಗ್ಯವೇ. ಆದರೆ ಅದರಲ್ಲಿರುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಕೊಳವೆಬಾವಿಯ ನೀರಿನ ಕಥೆ ಬೇರೆ. ಜಗಳೂರು, ಚಳ್ಳಕೆರೆ ಕಡೆಯ ಫ್ಲೋರೈಡ್ ವಿಷಯ ಎಲ್ಲರಿಗೂ ಗೊತ್ತಿರುವುದೇ. ಮೀನು ಸಾಕುವವರಿಗೆ ಅದಕ್ಕಿಂತ ದೊಡ್ಡ ಕಾಟ ನೈಟ್ರೇಟ್ ಮತ್ತು ಬಂಡೆಯಿಂದ ಕರಗಿ ಬರುವ ಸಿಲಿಕೇಟ್. ಈ ಎರಡರಿಂದ ಗಾಜು, ಕಲ್ಲುಗಳೆಲ್ಲ ಕಂದು ಪಾಚಿಯ ಪದರ ಹೊದ್ದುಕೊಳ್ಳುತ್ತವೆ.

ಆದ್ದರಿಂದ ಆರ್‌ಓ ನೀರೇ ಬೇಕು. ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರಬಹುದೇ ಎಂದು ಕೇಳುತ್ತೀರಿ. ತರಬಹುದು, ಆದರೆ ಟಿಡಿಎಸ್ ಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ. ಟಿಡಿಎಸ್ ಎಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣಗಳ ಪ್ರಮಾಣ, ಪೆನ್ನಿನಂಥ ಮೀಟರನ್ನು ಅದ್ದಿದರೆ ಅಂಕಿ ತೋರಿಸುತ್ತದೆ. ಕುಡಿಯುವವರ ರುಚಿಗೆಂದು ಘಟಕಗಳಲ್ಲಿ ಸ್ವಲ್ಪ ಲವಣ ಉಳಿಸಿಯೇ ಕೊಡುವುದುಂಟು. ನಮಗೆ ಬೇಕಾದದ್ದು ಸೊನ್ನೆಗೆ ಹತ್ತಿರದ ಅಂಕಿ. ಮೀಟರ್ 10ಕ್ಕಿಂತ ಹೆಚ್ಚು ತೋರಿಸಿದರೆ ಡಿಐ ರಾಳದ ಒಂದು ಕೊಳವೆ ಕೊಂಡು, ಮನೆಯಲ್ಲಿ ಆ ನೀರನ್ನು ಅದರ ಮೂಲಕ ಹಾಯಿಸಿ. ಉಳಿದ ಲವಣಗಳನ್ನು ರಾಳ ಹಿಡಿದಿಟ್ಟುಕೊಳ್ಳುತ್ತದೆ.

‘ಕಾರವಾರಕ್ಕೋ ಮಲ್ಪೆಗೋ ಹೋದಾಗ ಸಮುದ್ರದ ನೀರನ್ನೇ ತುಂಬಿಕೊಂಡು ಬಂದರೆ?’ ಕೇಳಲು ಚೆನ್ನಾಗಿದೆ. ದಡದ ನೀರಿನಲ್ಲಿ ದೋಣಿಗಳ ಎಣ್ಣೆ ಇರುತ್ತದೆ, ಮಳೆಗಾಲದಲ್ಲಿ ನದಿ ಸೇರಿ ಉಪ್ಪು ತೆಳುವಾಗಿರುತ್ತದೆ. ಕಣ್ಣಿಗೆ ಕಾಣದ ಜೀವಿಗಳು ಕ್ಯಾನಿನೊಳಗೆ ಸತ್ತು, ಘಟ್ಟ ಹತ್ತುವಷ್ಟರಲ್ಲಿ ನೀರು ನಾರತೊಡಗುತ್ತದೆ. ಬೇಡ.

ಎಚ್ಚರಿಕೆ: ನೀರನ್ನು ತಾಮ್ರದ ಹಂಡೆಯಲ್ಲಾಗಲಿ ಹಿತ್ತಾಳೆ ಕೊಡದಲ್ಲಾಗಲಿ ತುಂಬಿಡಬೇಡಿ. ನಮ್ಮ ಹೊಟ್ಟೆಗೆ ಒಳ್ಳೆಯದೆನ್ನುವ ತಾಮ್ರ ಸೀಗಡಿ, ಬಸವನಹುಳುಗಳಿಗೆ ವಿಷ. ನೀರು ಕಂಡಲ್ಲಿ ನಾಣ್ಯ ಎಸೆಯುವ ಬಂಧುಗಳಿದ್ದರೆ ಅವರ ಮೇಲೂ ಒಂದು ಕಣ್ಣಿರಲಿ.

ಹಂತ 3: ಉಪ್ಪು ಕರಗಿಸುವುದು

ಉಪ್ಪಿನ ಗದ್ದೆಯಲ್ಲಿ ಸಮುದ್ರದ ನೀರು ಇಂಗುವಾಗ ಹರಳುಗಟ್ಟಿ ಕೈಗೆ ಸಿಗುವುದು ಬಹುಪಾಲು ಸೋಡಿಯಂ ಕ್ಲೋರೈಡ್. ಮೆಗ್ನೀಷಿಯಂ, ಪೊಟ್ಯಾಷಿಯಂ ಮೊದಲಾದವು ಉಳಿದ ಕಹಿ ನೀರಿನಲ್ಲೇ ಹೋಗಿಬಿಡುತ್ತವೆ. ಕಲ್ಲುಪ್ಪು ಸಮುದ್ರದ್ದೇ ಆದರೂ ಅದನ್ನು ಕರಗಿಸಿದರೆ ಸಮುದ್ರ ಮರಳಿ ಬಾರದಿರುವುದು ಇದಕ್ಕೇ. ಅಡುಗೆಯ ಪುಡಿ ಉಪ್ಪಿನಲ್ಲಿ ಗಂಟುಕಟ್ಟದಂತೆ ಬೆರೆಸಿದ ವಸ್ತುಗಳೂ ಇರುತ್ತವೆ. ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಲವಣದ ಮಿಶ್ರಣ ಮಾರುಕಟ್ಟೆಯಲ್ಲಿದೆ, ಅದನ್ನೇ ಕೊಳ್ಳಿ. ಮೊದಲ ಸಲ ತುಂಬಿಸಲು ಸುಮಾರು ಆರು ಕಿಲೋ ಬೇಕಾಗುತ್ತದೆ.

ಆಹಾರ ಪದಾರ್ಥ ತುಂಬಿಡಲು ಯೋಗ್ಯವಾದ ಹೊಸ ಪ್ಲಾಸ್ಟಿಕ್ ಡ್ರಮ್ಮಿಗೆ ಮೊದಲು ನೀರು ಹಾಕಿ, ಒಳಗೆ ಪವರ್‌ಹೆಡ್ ಓಡಿಸುತ್ತಾ ಉಪ್ಪನ್ನು ಸ್ವಲ್ಪಸ್ವಲ್ಪವಾಗಿ ಉದುರಿಸಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಸುಣ್ಣದಂತೆ ಗಟ್ಟಿಯಾಗಿ ತಳ ಸೇರುತ್ತದೆ, ಮತ್ತೆ ಕರಗುವುದಿಲ್ಲ. ಒಂದು ಹಗಲು ಒಂದು ರಾತ್ರಿ ಕಲಕುತ್ತಲೇ ಇರಲಿ.

ಎಷ್ಟು ಉಪ್ಪಾಗಿದೆ ಎಂದು ಅಳೆಯಲು ರಿಫ್ರ್ಯಾಕ್ಟೋಮೀಟರ್ ಇದೆ. ಎರಡು ಹನಿ ನೀರು ಗಾಜಿನ ಮೇಲಿಟ್ಟು ಬೆಳಕಿಗೆ ಹಿಡಿದು ಕಣ್ಣಿಟ್ಟು ನೋಡುವ ಕೊಳವೆ. ಲವಣಾಂಶ ಲೀಟರಿಗೆ 35 ಗ್ರಾಂ ಆಸುಪಾಸು ಇರಬೇಕು. ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ, ಅಂದರೆ ಶುದ್ಧ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಅಳತೆಯಲ್ಲಿ, ಅದು ಸುಮಾರು 1.026. ಬರೀ ಮೀನಿನ ತೊಟ್ಟಿಗೆ 1.023 ಆದರೂ ಚಿಂತೆಯಿಲ್ಲ. ಇವತ್ತು 1.023, ನಾಳೆ 1.027 ಆಗುವುದೇ ಚಿಂತೆಯ ವಿಷಯ. ಮೀಟರನ್ನು 35ರ ಪ್ರಮಾಣಿತ ದ್ರಾವಣದಿಂದ ತಿಂಗಳಿಗೊಮ್ಮೆ ಸರಿಪಡಿಸಿಕೊಳ್ಳಿ.

ಹಂತ 4: ಮೀನಿಲ್ಲದ ಆರು ವಾರ

ಮೂರೇ ದಿನಕ್ಕೆ ಮೀನು ಸತ್ತಿತು ಎನ್ನುವವರಲ್ಲಿ ಬಹುತೇಕರು ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ, ನೀವೂ ನಿಧಾನವಾಗಿ ಓದಿ.

ಮೀನು ತನ್ನ ಕಿವಿರಿನಿಂದ ಅಮೋನಿಯ ಬಿಡುತ್ತದೆ. ಮಲ, ಉಳಿದ ಆಹಾರ ಕೊಳೆತರೂ ಅಮೋನಿಯವೇ. ಅದು ವಿಷ, ಮತ್ತು ಸಮುದ್ರದ ನೀರು ಕ್ಷಾರೀಯವಾಗಿರುವುದರಿಂದ ಸಿಹಿನೀರಿಗಿಂತ ಇಲ್ಲಿ ಇನ್ನೂ ತೀವ್ರ ವಿಷ. ಕಲ್ಲು ಮತ್ತು ಫಿಲ್ಟರಿನ ಮೇಲೆ ನೆಲೆಸುವ ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೊಂದು ಅಪಾಯಕಾರಿಯಲ್ಲ, ನೀರು ಬದಲಿಸಿ ತೆಗೆಯಬಹುದು. ಈ ಸರಪಳಿಗೆ ನೈಟ್ರೋಜನ್ ಚಕ್ರ ಎನ್ನುತ್ತಾರೆ. ಹೊಸ ತೊಟ್ಟಿಯಲ್ಲಿ ಆ ಬ್ಯಾಕ್ಟೀರಿಯಾ ಇರುವುದಿಲ್ಲ, ನಾವೇ ಬೆಳೆಸಬೇಕು.

ಹಾಲಿಗೆ ಹೆಪ್ಪು ಹಾಕುವ ರೀತಿಯ ಕೆಲಸ ಇದು. ಒಣಗಿದ ರಂಧ್ರದ ಕಲ್ಲುಗಳನ್ನು ಅಥವಾ ಸೆರಾಮಿಕ್ ಕಲ್ಲುಗಳನ್ನು ಹತ್ತು ಹನ್ನೆರಡು ಕಿಲೋ ಜೋಡಿಸಿ. ಹೊಳೆಯ ಮರಳು ಬೇಡ, ತಳ ಬರಿದಾಗಿದ್ದರೂ ನಡೆಯುತ್ತದೆ. ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಸುರಿಯಿರಿ. ಅವಧಿ ಮುಗಿದದ್ದು, ಬಿಸಿಲಿನಲ್ಲಿ ಪಾರ್ಸೆಲ್ ಬಂದದ್ದು ಆಗಿರದಿರಲಿ. ನಂತರ ಆ ಬ್ಯಾಕ್ಟೀರಿಯಾಗೆ ಉಣಿಸಲು ಅಮೋನಿಯಂ ಕ್ಲೋರೈಡ್ ಹಾಕಿ. ಕಲಾಯಿ ಹಾಕುವವರ ಕೈಯಲ್ಲಿ ನೋಡಿರುವ ನವಸಾಗರವೇ ಇದು, ಆದರೆ ಅವರ ಬಳಿಯ ಕಲಬೆರಕೆಯದು ಬೇಡ, ಪ್ರಯೋಗಾಲಯಕ್ಕೆ ಕೊಡುವ ಶುದ್ಧ ಪುಡಿ ತನ್ನಿ. ನಮ್ಮ 160 ಲೀಟರಿಗೆ ಒಂದು ಗ್ರಾಂ ಹಾಕಿದರೆ ಅಮೋನಿಯ ಸುಮಾರು 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ.

ಇನ್ನು ಕಾಯುವುದು. ಎರಡು ದಿನಕ್ಕೊಮ್ಮೆ ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್‌ನಿಂದ ಅಳೆದು ಪುಸ್ತಕದಲ್ಲಿ ಬರೆಯಿರಿ. ಕಾಗದದ ಪಟ್ಟಿಗಳನ್ನು ನಾನು ನಂಬುವುದಿಲ್ಲ. ಮೊದಲು ಅಮೋನಿಯ ಇಳಿಯುತ್ತದೆ, ನೈಟ್ರೈಟ್ ಏರುತ್ತದೆ, ಆಮೇಲೆ ಅದೂ ಇಳಿದು ನೈಟ್ರೇಟ್ ಕಾಣಿಸುತ್ತದೆ. ಅಮೋನಿಯ ಸೊನ್ನೆಗೆ ಬಂದಾಗಲೆಲ್ಲ ಮತ್ತೆ ಅರ್ಧ ಗ್ರಾಂ ಕೊಡಿ. ಕೊನೆಗೆ ಒಂದು ಗ್ರಾಂ ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ಎಂದು ಕಿಟ್ ಹೇಳಿದ ದಿನ ತೊಟ್ಟಿ ತಯಾರು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ನಡುವೆ ಕಲ್ಲು ಕಂದಾಗುತ್ತದೆ, ಹಸಿರಾಗುತ್ತದೆ, ಮನೆಯವರು ಕೊಚ್ಚೆ ನೀರಿಗೆ ದೀಪ ಹಾಕಿದ್ದಾನೆ ಎನ್ನುತ್ತಾರೆ. ಹೆಪ್ಪಿಟ್ಟ ಹಾಲನ್ನು ಗಳಿಗೆಗೊಮ್ಮೆ ಕಲಕಿದರೆ ಮೊಸರಾಗುವುದಿಲ್ಲ, ಸುಮ್ಮನಿರಿ.

‘ಗಟ್ಟಿಮುಟ್ಟಾದ ಒಂದು ಅಗ್ಗದ ಮೀನು ಬಿಟ್ಟು ನೋಡಿ’ ಎಂದು ಅಂಗಡಿಯಲ್ಲಿ ಹೇಳಬಹುದು. ಬದುಕಿದರೂ ಅದರ ಕಿವಿರು ಸುಟ್ಟಿರುತ್ತದೆ. ಒಂದು ಗ್ರಾಂ ಪುಡಿ ಮಾಡುವ ಕೆಲಸಕ್ಕೆ ಜೀವವೊಂದನ್ನು ಹಚ್ಚುವ ಅಗತ್ಯವಿಲ್ಲ.

ಹಂತ 5: ಯಾವ ಮೀನು, ಯಾವುದು ಬೇಡ

ಮೊದಲಿಗೆ ಕ್ಲೌನ್‌ಫಿಶ್ ಜೋಡಿ, ಅಂದರೆ ಕಿತ್ತಳೆ ಮೈಗೆ ಬಿಳಿ ಪಟ್ಟೆಯ, ಮಕ್ಕಳೆಲ್ಲ ಗುರುತು ಹಿಡಿಯುವ ಮೀನು. ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಮರಿಗಳು ಸಿಗುತ್ತವೆ ಎಂಬುದು ಅದರ ದೊಡ್ಡ ಗುಣ. ತಮಿಳುನಾಡಿನ ಮಂಡಪಂ, ಕೇರಳದ ವಿಳಿಂಞಂನಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರಗಳು ಇವುಗಳ ಮರಿ ಮಾಡಿಸುವ ವಿಧಾನವನ್ನು ರೂಪಿಸಿವೆ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಒಣ ಆಹಾರದ ರೂಢಿಯಿರುತ್ತದೆ, ಸೆರೆಯ ಆಘಾತವಿರುವುದಿಲ್ಲ. ಎರಡು ಚಿಕ್ಕ ಮರಿಗಳನ್ನು ತಂದರೆ ಸಾಕು. ಹುಟ್ಟುವಾಗ ಎಲ್ಲವೂ ಗಂಡೇ, ಬಲವಾದದ್ದು ಮುಂದೆ ಹೆಣ್ಣಾಗುತ್ತದೆ. ಗಂಡುಹೆಣ್ಣು ನೋಡಿ ಕೊಡಿ ಎಂದು ಅಂಗಡಿಯವರಲ್ಲಿ ಚೌಕಾಸಿ ಮಾಡಬೇಕಿಲ್ಲ.

ಅದರ ಜೊತೆಗೆ ಒಂದು ರಾಯಲ್ ಗ್ರಾಮಾ ಅಥವಾ ಫೈರ್‌ಫಿಶ್, ತಳದಲ್ಲಿ ಓಡಾಡುವ ಒಂದು ಗೋಬಿ. ಮೂರಡಿ ತೊಟ್ಟಿಗೆ ನಾಲ್ಕೈದು ಮೀನು ಸಾಕು. ಸಾಧುಗಳನ್ನು ಮೊದಲು ಬಿಡಿ. ಡ್ಯಾಮ್ಸೆಲ್ ಎಂಬ ನೀಲಿ ಮೀನು ಅಗ್ಗ, ಗಟ್ಟಿ, ಆದರೆ ಇಡೀ ತೊಟ್ಟಿ ತನ್ನ ಹೆಸರಿಗೆ ಖಾತೆಯಾಗಿದೆ ಎಂದುಕೊಳ್ಳುವ ಜಾತಿ. ಬೇಕೇ ಬೇಕೆಂದರೆ ಕೊನೆಯಲ್ಲಿ ತನ್ನಿ.

ಬೇಡವಾದವು: ನೀಲಿ ಟ್ಯಾಂಗ್ ಒಂದಡಿಯವರೆಗೆ ಬೆಳೆಯುತ್ತದೆ, ಈ ತೊಟ್ಟಿ ಅದಕ್ಕೆ ಸೆರೆಮನೆ. ಮ್ಯಾಂಡರಿನ್ ಮೀನು ಕಲ್ಲಿನ ಮೇಲಿನ ಕಣದಷ್ಟು ಸಣ್ಣ ಜೀವಿಗಳನ್ನೇ ದಿನವಿಡೀ ಹೆಕ್ಕಿ ತಿನ್ನುತ್ತದೆ, ಹೊಸ ತೊಟ್ಟಿಯಲ್ಲಿ ಉಪವಾಸ ಬಿದ್ದು ಸಾಯುತ್ತದೆ. ಹವಳ ತಿನ್ನುವ ಚಿಟ್ಟೆಮೀನು, ಮೂರಿಶ್ ಐಡಲ್, ಬೇರೆ ಮೀನಿನ ಮೈ ಶುಚಿ ಮಾಡುವ ಕ್ಲೀನರ್ ರಾಸ್ ಕೂಡ ಇದೇ ಪಟ್ಟಿಯವು.

ಕಡಲ ಕುದುರೆಯನ್ನು ಯಾರಾದರೂ ಕದ್ದುಮುಚ್ಚಿ ಕೊಡುತ್ತೇನೆಂದರೆ ಅಲ್ಲಿಂದ ಎದ್ದು ಬನ್ನಿ. ಕಡಲ ಕುದುರೆ, ಹವಳ, ಕಡಲ ಸೌತೆ ಎಲ್ಲವೂ 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ರಕ್ಷಣೆಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತು ತಂದ ಹವಳದ ಕಲ್ಲನ್ನು ಇಟ್ಟುಕೊಳ್ಳುವುದೂ ಅಪರಾಧವೇ.

ಹಂತ 6: ಊರಿಗೆ ತರುವುದು ಮತ್ತು ಬೇರೆ ಇಡುವುದು

ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಸಿಹಿನೀರಿನ ಮೀನು. ಕಡಲ ಮೀನಿಗೆ ಬೆಂಗಳೂರಿಗೋ ಚೆನ್ನೈನ ಕೊಳತ್ತೂರಿಗೋ ಹೋಗಬೇಕು. ಕೊಳ್ಳುವ ಮುನ್ನ ನಿಮ್ಮೆದುರೇ ಆಹಾರ ಹಾಕಿಸಿ, ತಿನ್ನದ ಮೀನನ್ನು ಎಷ್ಟು ಅಗ್ಗವಾದರೂ ಬಿಡಿ. ಪಕ್ಕದ ಮೀನುಗಳಿಗಿಂತ ಜೋರಾಗಿ ಉಸಿರಾಡುವುದು, ಕಲ್ಲಿಗೆ ಮೈ ಉಜ್ಜುವುದು, ಹೊಟ್ಟೆ ಒಳಸೇರಿರುವುದು, ಈ ಮೂರನ್ನೂ ನೋಡಿ. ಆ ನೀರಿನ ಲವಣಾಂಶ ಎಷ್ಟೆಂದು ಕೇಳಿ ಬರೆದುಕೊಳ್ಳಿ. ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ರಾತ್ರಿಯ ಬಸ್ಸಿಗೋ ಬೆಳಗಿನ ರೈಲಿಗೋ ತನ್ನಿ.

ಮನೆಗೆ ಬಂದ ಮೇಲೆ ಒಂದು ಸೂಕ್ಷ್ಮವಿದೆ. ಮುಚ್ಚಿದ ಚೀಲದಲ್ಲಿ ಅಮೋನಿಯ ಸೇರುತ್ತಿರುತ್ತದೆ, ಜೊತೆಗೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ನೀರು ಆಮ್ಲೀಯವಾಗುವುದರಿಂದ ಆ ಅಮೋನಿಯದ ವಿಷ ಅಡಗಿರುತ್ತದೆ. ಚೀಲ ಬಿಚ್ಚಿದೊಡನೆ ಅನಿಲ ಹಾರಿಹೋಗಿ ವಿಷ ಏಳುತ್ತದೆ. ಹಾಗಾಗಿ ಬಾಯಿ ಬಿಚ್ಚಿದ ಚೀಲಕ್ಕೆ ಎರಡು ಗಂಟೆ ಹನಿಹನಿಯಾಗಿ ನೀರು ಬಿಡುವ ಹಳೆಯ ಪದ್ಧತಿ ದೂರದ ಪ್ರಯಾಣದ ಮೀನಿಗೆ ಹೊಂದುವುದಿಲ್ಲ. ಪ್ರತ್ಯೇಕ ತೊಟ್ಟಿಯ ಲವಣಾಂಶವನ್ನು ಅಂಗಡಿಯ ನೀರಿಗೆ ಸಮನಾಗಿ ಮೊದಲೇ ಸಿದ್ಧಮಾಡಿಡಿ. ಮುಚ್ಚಿದ ಚೀಲವನ್ನೇ ಇಪ್ಪತ್ತು ನಿಮಿಷ ತೇಲಿಬಿಟ್ಟು ಬಿಸಿ ಸಮವಾದ ಮೇಲೆ ಬಿಚ್ಚಿ, ಮೀನನ್ನು ಮಾತ್ರ ಬಿಡಿ, ಚೀಲದ ನೀರನ್ನು ಚೆಲ್ಲಿ. ಮುಂದಿನ ದಿನಗಳಲ್ಲಿ ಆ ಲವಣಾಂಶವನ್ನು ಸ್ವಲ್ಪಸ್ವಲ್ಪವೇ ದೊಡ್ಡ ತೊಟ್ಟಿಯ ಮಟ್ಟಕ್ಕೆ ತನ್ನಿ.

ಕ್ವಾರಂಟೈನ್ ಎಂದರೇನೆಂದು 2020ರ ನಂತರ ಯಾರಿಗೂ ವಿವರಿಸಬೇಕಿಲ್ಲ. ಎರಡಡಿಯ ಚಿಕ್ಕ ತೊಟ್ಟಿ, ಹೀಟರ್, ಅಡಗಲು ಪ್ಲಂಬಿಂಗ್ ಅಂಗಡಿಯ ಪಿವಿಸಿ ತುಂಡುಗಳು, ದೊಡ್ಡ ತೊಟ್ಟಿಯಲ್ಲಿ ಒಂದು ತಿಂಗಳು ಇಟ್ಟು ಬ್ಯಾಕ್ಟೀರಿಯಾ ಹತ್ತಿಸಿದ ಸ್ಪಂಜ್ ಫಿಲ್ಟರ್. ಇಷ್ಟೇ. ಹೊಸ ಮೀನು ಇದರಲ್ಲಿ ಕನಿಷ್ಠ ನಾಲ್ಕು ವಾರ ಇರಬೇಕು.

ಏಕೆಂದರೆ ಬಿಳಿಚುಕ್ಕೆ ರೋಗ. ಕ್ರಿಪ್ಟೋಕ್ಯಾರಿಯಾನ್ ಎಂಬ ಪರೋಪಜೀವಿ ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದಂತೆ ಕಾಣುತ್ತದೆ. ಕೆಲವು ದಿನ ಕಳೆದರೆ ಚುಕ್ಕೆ ಮಾಯ. ವಾಸಿಯಾಯಿತೆಂದು ಖುಷಿಪಡುತ್ತೀರಿ. ಅದು ಉದುರಿ ಕಲ್ಲಿನ ಮೇಲೆ ಗೂಡು ಕಟ್ಟಿರುತ್ತದೆ ಅಷ್ಟೇ, ವಾರಗಳ ನಂತರ ನೂರಾರು ಮರಿಗಳಾಗಿ ಮರಳುತ್ತದೆ. ಮೈಮೇಲೆ ಜರಡಿ ಹಿಡಿದ ಹಿಟ್ಟಿನಷ್ಟು ನುಣ್ಣನೆಯ ಪುಡಿ ಕಂಡು, ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ರೋಗ. ಅದು ವಾರ ಕಾಯುವುದಿಲ್ಲ, ಎರಡು ಮೂರು ದಿನದಲ್ಲಿ ತೊಟ್ಟಿ ಖಾಲಿ ಮಾಡುತ್ತದೆ.

ಇವೆರಡಕ್ಕೂ ಮದ್ದು ತಾಮ್ರ. ಪ್ರತ್ಯೇಕ ತೊಟ್ಟಿಯಲ್ಲಿ ಮಾತ್ರ ಬಳಸಿ, ದೊಡ್ಡ ತೊಟ್ಟಿಗೆ ಒಂದು ಹನಿಯೂ ಬೀಳಬಾರದು. ಸಾದಾ ಅಯಾನಿಕ್ ತಾಮ್ರವಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಇದಕ್ಕಿಂತ ಕಡಿಮೆಯಾದರೆ ರೋಗ ಸಾಯುವುದಿಲ್ಲ, ಹೆಚ್ಚಾದರೆ ಮೀನು ಸಾಯುತ್ತದೆ. ಬೇರೆ ಬಗೆಯ ತಾಮ್ರದ ಮದ್ದಿಗೆ ಪ್ರಮಾಣವೂ ಬೇರೆ, ಡಬ್ಬಿಯ ಮೇಲಿನದನ್ನೇ ಪಾಲಿಸಿ. ತಾಮ್ರ ಅಳೆಯುವ ಕಿಟ್ ಇಲ್ಲದೆ ಮದ್ದಿನ ಬಾಟಲಿಯನ್ನು ಮುಟ್ಟಬೇಡಿ. ರೋಗ ದೊಡ್ಡ ತೊಟ್ಟಿಗೇ ಹೊಕ್ಕಿದ್ದರೆ ಎಲ್ಲ ಮೀನುಗಳನ್ನೂ ಹೊರತೆಗೆದು ಅದನ್ನು ಸುಮಾರು ಎರಡೂವರೆ ತಿಂಗಳು ಮೀನಿಲ್ಲದೆ ಓಡಿಸಬೇಕು. ನಾಲ್ಕು ವಾರದ ಕ್ವಾರಂಟೈನ್ ಉದ್ದವಾಯಿತು ಎನ್ನುವವರು ಈ ಎರಡೂವರೆ ತಿಂಗಳನ್ನು ನೆನಪಿಡಿ.

ಹಂತ 7: ಊಟ

ಕೆರೆಯ ಮೀನಿಗೆ ಮಂಡಕ್ಕಿ ಎಸೆದು ಬೆಳೆದ ಊರು ನಮ್ಮದು. ಇಲ್ಲಿ ಮಂಡಕ್ಕಿ, ಚಪಾತಿ ಚೂರು, ಬಿಸ್ಕತ್ತು ಯಾವುದೂ ಬೇಡ. ಹೆಪ್ಪುಗಟ್ಟಿಸಿದ ಮೈಸಿಸ್ ಸೀಗಡಿ, ಕಡಲ ಮೀನಿಗೆಂದೇ ಮಾಡಿದ ಗುಳಿಗೆ, ಪಾಚಿ ತಿನ್ನುವವಕ್ಕೆ ಉಪ್ಪುಖಾರವಿಲ್ಲದ ನೋರಿ, ಅಂದರೆ ಒಣಗಿಸಿದ ಕಡಲ ಪಾಚಿಯ ಹಾಳೆ. ಹೆಪ್ಪುಗಟ್ಟಿದ್ದನ್ನು ಕರಗಿಸಿ, ಆ ನೀರನ್ನು ಚೆಲ್ಲಿ ಕೊಡಿ. ದಿನಕ್ಕೆ ಎರಡು ಸಲ, ಎರಡು ನಿಮಿಷದಲ್ಲಿ ಮುಗಿಯುವಷ್ಟು. ಕ್ಲೌನ್‌ಫಿಶ್ ನಿಮ್ಮನ್ನು ಕಂಡಾಗಲೆಲ್ಲ ಹಸಿದಂತೆ ನಟಿಸುತ್ತದೆ, ಮರುಳಾಗಬೇಡಿ.

ಹಂತ 8: ದಿನದ, ವಾರದ ಕೆಲಸ

ಬೆಳಿಗ್ಗೆ ಬಿಸಿ ನೋಡಿ, ಮೀನು ಎಣಿಸಿ. ಕಾಣದ ಮೀನನ್ನು ಹುಡುಕಿ. ಕಲ್ಲಿನ ಸಂದಿಯಲ್ಲಿ ಸತ್ತಿದ್ದರೆ ಅದೊಂದೇ ನೀರನ್ನೆಲ್ಲ ಕೆಡಿಸುತ್ತದೆ. ಸ್ಕಿಮ್ಮರಿನ ಬಟ್ಟಲನ್ನು ಎರಡು ಮೂರು ದಿನಕ್ಕೊಮ್ಮೆ ತೊಳೆಯಿರಿ. ಹದಿನೈದು ದಿನಕ್ಕೊಮ್ಮೆ 24 ಲೀಟರ್ ನೀರು ತೆಗೆದು, ಹಿಂದಿನ ದಿನವೇ ಕಲಸಿಟ್ಟ ಅಷ್ಟೇ ಉಪ್ಪಿನ, ಅಷ್ಟೇ ಬಿಸಿಯ ನೀರು ಹಾಕಿ. ಒಂದು ಸಲಕ್ಕೆ ಸುಮಾರು 900 ಗ್ರಾಂ ಲವಣ ಖರ್ಚು. ಅಮೋನಿಯ, ನೈಟ್ರೈಟ್ ಸದಾ ಸೊನ್ನೆ, ನೈಟ್ರೇಟ್ 20 ಪಿಪಿಎಂ ಒಳಗೆ, ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಪಿಎಚ್ 8.1ರಿಂದ 8.4. ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆದರೆ ಆರು ವಾರ ಬೆಳೆಸಿದ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಬಲಿ. ತೆಗೆದ ಉಪ್ಪುನೀರಿನಲ್ಲೇ ಹಿಂಡಿ.

ಎಚ್ಚರಿಕೆ: ಸೊಳ್ಳೆ ಬತ್ತಿ, ಪ್ಲಗ್ಗಿಗೆ ಸಿಕ್ಕಿಸುವ ಸೊಳ್ಳೆ ದ್ರವ, ಜಿರಳೆ ಸ್ಪ್ರೇ ಇವುಗಳಲ್ಲಿರುವ ಪೈರೆಥ್ರಾಯ್ಡ್ ವಿಷ ಮೀನಿಗೆ ಮಾರಕ. ಗಾಳಿಯ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ತುಂಬುತ್ತದೆ ಎಂಬುದು ನೆನಪಿರಲಿ. ಬೀದಿಯಲ್ಲಿ ಹೊಗೆಯಂತ್ರ ಬಂದರೆ ಕಿಟಕಿ ಮುಚ್ಚಿ. ಹಬ್ಬಕ್ಕೆ ಮನೆಗೆ ಬಣ್ಣ ಹೊಡೆಸುವಾಗ ಪಂಪನ್ನು ಬೇರೆ ಕೋಣೆಯಲ್ಲಿಟ್ಟು ಉದ್ದದ ನಳಿಕೆಯಿಂದ ಗಾಳಿ ಕೊಡಿ.

ಹಂತ 9: ಬೇಸಿಗೆ, ಕರೆಂಟು ಹೋದ ಹೊತ್ತು, ಊರಿಗೆ ಹೋಗುವಾಗ

ನೀರು 25ರಿಂದ 27 ಡಿಗ್ರಿಯಲ್ಲಿರಬೇಕು. ಏಪ್ರಿಲ್ ಮೇ ತಿಂಗಳಲ್ಲಿ ಹೊರಗೆ 38 ದಾಟುವ ದಿನಗಳಿರುತ್ತವೆ. 25 ಡಿಗ್ರಿಯಲ್ಲಿ ಸಮುದ್ರದ ನೀರು ಲೀಟರಿಗೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 30ರಲ್ಲಿ 6.2. ನಾವು ಕಡಲಿಗಿಂತ 600 ಮೀಟರ್ ಮೇಲಿರುವುದರಿಂದ ಅದರಲ್ಲೂ ಸ್ವಲ್ಪ ಕಡಿತ. ಬಿಸಿ ಏರಿದಂತೆ ಮೀನಿಗೆ ಹೆಚ್ಚು ಉಸಿರು ಬೇಕು, ನೀರಿನಲ್ಲಿರುವುದು ಕಡಿಮೆ.

ಚಿಲ್ಲರ್ ಎಂಬ ತಂಪುಯಂತ್ರ ಕೊಳ್ಳಲು ಆದರೆ ಕೊಳ್ಳಿ. ಆಗದಿದ್ದರೆ ಕೈಗೆಟಕುವ ದಾರಿಯೊಂದಿದೆ, ಅದು ನಮ್ಮ ಊರಿನ ಭಾಗ್ಯ. ಇಲ್ಲಿನ ಬೇಸಿಗೆ ಒಣ ಬೇಸಿಗೆ. ಗಾಜಿನ ಮುಚ್ಚಳ ತೆಗೆದು ಸೊಳ್ಳೆಪರದೆಯಂಥ ಜಾಲರಿ ಹೊದಿಸಿ. ಮೀನು ಹಾರುವುದಿಲ್ಲ, ಹಲ್ಲಿ ಬೀಳುವುದಿಲ್ಲ. ನೀರಿನ ಮೇಲ್ಮೈಗೆ ಓರೆಯಾಗಿ ಎರಡು ಚಿಕ್ಕ ಫ್ಯಾನು ಹಚ್ಚಿ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವ ಹಾಗೆ, ಆವಿಯಾಗುತ್ತಾ ತೊಟ್ಟಿ ಎರಡು ಮೂರು ಡಿಗ್ರಿ ಇಳಿಯುತ್ತದೆ. ಮಂಗಳೂರಿನ ಬೆವರುವ ಗಾಳಿಯಲ್ಲಿ ಈ ಉಪಾಯ ಇಷ್ಟು ಚೆನ್ನಾಗಿ ನಡೆಯದು.

ಇದರ ಬೆಲೆ ಎಂದರೆ ದಿನಕ್ಕೆ ಮೂರು ನಾಲ್ಕು ಲೀಟರ್ ನೀರು ಆವಿಯಾಗುತ್ತದೆ. ಉಪ್ಪು ಆವಿಯಾಗುವುದಿಲ್ಲ. ದಿನಕ್ಕೆ ನಾಲ್ಕು ಲೀಟರಿನಂತೆ ಐದು ದಿನ ಬಿಟ್ಟರೆ 160 ಲೀಟರ್ 140 ಆಗುತ್ತದೆ, 35 ಇದ್ದ ಲವಣಾಂಶ 40ಕ್ಕೆ ಏರುತ್ತದೆ. ಆದ್ದರಿಂದ ಕಡಿಮೆಯಾದಷ್ಟನ್ನು ದಿನವೂ ಸಾದಾ ಆರ್‌ಓ ನೀರಿನಿಂದ ತುಂಬಿಸಿ, ಉಪ್ಪುನೀರಿನಿಂದ ಅಲ್ಲ. ಗಾಜಿನ ಮೇಲೆ ಟೇಪು ಅಂಟಿಸಿ ಗೆರೆ ಗುರುತಿಡಿ. ನನ್ನ ಮೊದಲ ಬೇಸಿಗೆಯಲ್ಲಿ ಎರಡು ವಾರ ಉಪ್ಪುನೀರನ್ನೇ ಸುರಿದು, ಮೀನೇಕೆ ಮಂಕಾಗಿದೆ ಎಂದು ಔಷಧಿ ಹುಡುಕುತ್ತಿದ್ದೆ. ರಿಫ್ರ್ಯಾಕ್ಟೋಮೀಟರ್ ಕಪಾಟಿನಲ್ಲೇ ಇತ್ತು.

ಬಿಸಿ 30 ಮುಟ್ಟಿದರೆ ಬಾಟಲಿಯಲ್ಲಿ ಆರ್‌ಓ ನೀರು ಹೆಪ್ಪುಗಟ್ಟಿಸಿ, ಮುಚ್ಚಿದಂತೆಯೇ ತೇಲಿಬಿಡಿ. ಗಂಟೆಗೆ ಒಂದು ಡಿಗ್ರಿಗಿಂತ ಬೇಗ ಇಳಿಯಬಾರದು. ಕರೆಂಟು ಹೋದಾಗ ಮೀನು ಮೊದಲು ಸಾಯುವುದು ಉಸಿರುಗಟ್ಟಿ, ಬಿಸಿಯಿಂದಲ್ಲ. ಮನೆಯ ಇನ್ವರ್ಟರಿಗೆ ಒಂದು ಪವರ್‌ಹೆಡ್ ಮತ್ತು ಫ್ಯಾನು ಸೇರಿಸಿ, ಹೀಟರ್ ಸೇರಿಸಬೇಡಿ. ಬ್ಯಾಟರಿಯ ಗಾಳಿ ಪಂಪು ಒಂದು ಇರಲಿ. ಏನೂ ಇಲ್ಲದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಚೊಂಬಿನಿಂದ ನೀರೆತ್ತಿ ಎತ್ತರದಿಂದ ಸುರಿಯುತ್ತಿರಿ. ಆ ಹೊತ್ತಿನಲ್ಲಿ ಆಹಾರ ಹಾಕಬೇಡಿ.

ಎರಡು ಮೂರು ದಿನಕ್ಕೆ ಊರಿಗೆ ಹೋಗುವುದಾದರೆ ಆರೋಗ್ಯವಾಗಿರುವ ದೊಡ್ಡ ಮೀನು ಊಟವಿಲ್ಲದೆ ತಡೆದುಕೊಳ್ಳುತ್ತದೆ, ತಡೆದುಕೊಳ್ಳದಿರುವುದು ನೀರಿನ ಮಟ್ಟ. ಪಕ್ಕದ ಮನೆಯವರಿಗೆ ಟೇಪಿನ ಗೆರೆ ತೋರಿಸಿ, ಆರ್‌ಓ ನೀರನ್ನು ಲೀಟರ್ ಬಾಟಲಿಗಳಲ್ಲಿ ತುಂಬಿಟ್ಟು ಹೋಗಿ. ಅದಕ್ಕಿಂತ ಹೆಚ್ಚು ದಿನವಾದರೆ ದಿನದ ಆಹಾರವನ್ನು ಮಾತ್ರೆಯ ಡಬ್ಬಿಯ ಖಾನೆಗಳಲ್ಲಿ ವಾರದ ಹೆಸರಿನಂತೆ ಹಾಕಿಕೊಡಿ. ಉಳಿದ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಕೀಲಿಕೈ ಜೊತೆಗೇ ಒಯ್ಯಿರಿ, ಪ್ರೀತಿ ಹೆಚ್ಚಾಗಿ ಇನ್ನೊಂದು ಹಿಡಿ ಹಾಕುವ ನೆರೆಯವರು ಎಲ್ಲ ಬೀದಿಯಲ್ಲೂ ಇದ್ದಾರೆ.